ಜಮಖಂಡಿಯ ಸ್ಥಿತಪ್ರಜ್ಞ: ಗುರುದೇವ ರಾನಡೆಯವರು

ತತ್ತ್ವಜ್ಞಾನವು ಬದುಕಿಗೆ ಬೇಕೇ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಹೊಲ, ಮಗ್ಗ, ಅಂಗಡಿಗಳನ್ನು ನಂಬಿದ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದ ನಮ್ಮಂಥವರಿಗೆ ಈ ಪ್ರಶ್ನೆಯನ್ನು ಮನೆಯ ಹಿರಿಯರೇ ಕೇಳುತ್ತಾರೆ. ಅವರು ಕೇಳುವುದರಲ್ಲಿ ನ್ಯಾಯವಿದೆ. ದೇಹಕ್ಕೆ ಬೇನೆ ಬಂದಾಗ, ಮನೆಯಲ್ಲಿ ಸಾವು ಸಂಭವಿಸಿದಾಗ, ಕೈಗೆ ಅಧಿಕಾರ ಬಂದಾಗ ಯಾವ ವಿದ್ಯೆಯು ಮನುಷ್ಯನನ್ನು ನೆಟ್ಟಗೆ ನಿಲ್ಲಿಸಲಾರದೋ ಆ ವಿದ್ಯೆಯನ್ನು ಎಷ್ಟು ಓದಿದರೂ ಅಷ್ಟೇ. ಈ ಮೂರೂ ಪರೀಕ್ಷೆಗಳಿಗೆ ಕುಳಿತು ತೇರ್ಗಡೆಯಾದ ತತ್ತ್ವಜ್ಞರೊಬ್ಬರು ನಮ್ಮ ಜಮಖಂಡಿಯಲ್ಲಿಯೇ ಹುಟ್ಟಿದರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಅವರೇ ಗುರುದೇವ ರಾಮಚಂದ್ರ ದತ್ತಾತ್ರೇಯ ರಾನಡೆಯವರು.

ರಾನಡೆಯವರು 1886ನೆಯ ಇಸವಿಯ ಜುಲೈ 3ರಂದು ಜಮಖಂಡಿಯಲ್ಲಿ ಜನಿಸಿದರು. ಆಗ ಜಮಖಂಡಿಯು ಪಟವರ್ಧನ ಮನೆತನದವರ ಸಂಸ್ಥಾನವಾಗಿತ್ತು. ಪಕ್ಕದ ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಅರಮನೆಯ ಮಾತು ಮರಾಠಿ, ಬೀದಿಯ ಮಾತು ಕನ್ನಡ. ಈ ಎರಡು ಭಾಷೆಗಳ ನಡುವೆ ಬೆಳೆದ ಬಾಲಕನು ಮುಂದೆ ಎರಡೂ ಭಾಷೆಗಳ ಸಂತರನ್ನು ಒಂದೇ ಮನೆಯವರಂತೆ ಕಾಣಬಲ್ಲವನಾದುದರಲ್ಲಿ ಆಶ್ಚರ್ಯವಿಲ್ಲ. ಊರಿನ ಪರಶುರಾಮಭಾವು ಹೈಸ್ಕೂಲಿನಲ್ಲಿ ಕಲಿತು 1902ರಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ಪಾಸು ಮಾಡಿದ ಅವರಿಗೆ ಸಂಸ್ಕೃತದ ಪ್ರಾವೀಣ್ಯಕ್ಕಾಗಿ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನವು ದೊರೆಯಿತು. ಮುಂಬಯಿ ಇಲಾಖೆಯ ಜಾಣ ವಿದ್ಯಾರ್ಥಿಗಳೆಲ್ಲ ಹಂಬಲಿಸುತ್ತಿದ್ದ ಗೌರವವದು.

ಆದರೆ ಅವರ ಜೀವನವನ್ನು ತಿದ್ದಿದ ಘಟನೆ ಅದಕ್ಕೂ ಒಂದು ವರ್ಷ ಹಿಂದೆಯೇ ನಡೆದುಹೋಗಿತ್ತು. 1901ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಅವರು ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆಯನ್ನು ಪಡೆದರು. ಉಮದಿಯು ಇಂದು ಮಹಾರಾಷ್ಟ್ರದ ಜತ್ತ ತಾಲೂಕಿಗೆ ಸೇರಿದ ಗಡಿಯ ಊರು. ಭಾವುಸಾಹೇಬರ ಮಠವು ವಿಜಾಪುರ ಸೀಮೆಯ ಇಂಚಗೇರಿಯಲ್ಲಿದೆ. ಅವರ ಗುರುಗಳು ನಿಂಬರಗಿಯ ಮಹಾರಾಜರು. ಈ ಪರಂಪರೆಯ ಮೂಲಪುರುಷರಾದ ನಿಂಬರಗಿ ಮಹಾರಾಜರು ಬಟ್ಟೆಗೆ ಬಣ್ಣ ಹಾಕುವ ಲಿಂಗಾಯತ ಮನೆತನದವರು. ಅವರ ಶಿಷ್ಯ ಭಾವುಸಾಹೇಬರು ದೇಶಪಾಂಡೆ ಮನೆತನದ ಬ್ರಾಹ್ಮಣರು. ಜಾತಿಯ ಗೋಡೆಗಳು ಇಂದಿಗಿಂತ ಎತ್ತರವಾಗಿದ್ದ ಆ ಕಾಲದಲ್ಲಿ ಬಣ್ಣಗಾರನು ಗುರುವಾಗಿ ದೇಶಪಾಂಡೆಯು ಶಿಷ್ಯನಾದುದು ಸಣ್ಣ ಮಾತಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದ ರಬಕವಿ-ಬನಹಟ್ಟಿಯ ಮಕ್ಕಳು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ನೂಲಿನ, ಬಣ್ಣದ ಕಸಬಿನವರ ಮನೆಯಲ್ಲಿ ಹೊತ್ತಿದ ದೀಪವೇ ಮುಂದೆ ವಿಶ್ವವಿದ್ಯಾಲಯದವರೆಗೆ ಬೆಳಕು ಚೆಲ್ಲಿತು.

ರಾನಡೆಯವರು ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿ 1907ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಆಗ ಅವರ ವಿಷಯ ಗಣಿತ. ಮುಂದಿನ ದಾರಿ ನೇರವಾಗಿ ಸಾಗಬೇಕಾಗಿತ್ತು. ಆದರೆ ದೇಹವು ಕೈಕೊಟ್ಟಿತು. ಜೀವವನ್ನೇ ಅಲುಗಿಸುವಂಥ ಕಾಯಿಲೆ ಬಂದು ಓದು ನಿಂತಿತು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಅಂದರೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಹುಡುಗತನದಲ್ಲಿ ಪಡೆದ ನಾಮವು ಅಲ್ಲಿಯವರೆಗೆ ಅವರ ಬದುಕಿನ ಒಂದು ಮೂಲೆಯಲ್ಲಿತ್ತು. ಕಾಯಿಲೆಯು ಅದನ್ನು ನಡುಮನೆಗೆ ತಂದಿತು. ಅವರು ನಿಷ್ಠೆಯಿಂದ ಧ್ಯಾನಕ್ಕೆ ಕುಳಿತರು. ಓದನ್ನೂ ಕೈಬಿಡಲಿಲ್ಲ. ಈ ಸಾರೆ ಗಣಿತವನ್ನು ಬಿಟ್ಟು ತತ್ತ್ವಜ್ಞಾನವನ್ನು ಹಿಡಿದು, 1914ರಲ್ಲಿ ಎಂ.ಎ. ಪರೀಕ್ಷೆಯಲ್ಲಿ ಕುಲಪತಿಗಳ ಸುವರ್ಣಪದಕದೊಡನೆ ಉತ್ತೀರ್ಣರಾದರು. ಬಿ.ಎ.ಗೂ ಎಂ.ಎ.ಗೂ ನಡುವೆ ಏಳು ವರ್ಷಗಳು ಕಳೆದಿದ್ದವು. ಒಂದು ವರ್ಷ ಹಿಂದೆ ಬಿದ್ದರೆ ಬಾಳೇ ಮುಗಿಯಿತೆಂದು ಕಂಗೆಡುವ ವಿದ್ಯಾರ್ಥಿಗಳು ಈ ಏಳು ವರ್ಷಗಳ ಲೆಕ್ಕವನ್ನು ಗಮನಿಸಬೇಕು.

ಅದೇ ವರ್ಷ ಭಾವುಸಾಹೇಬರು ದೇಹವಿಟ್ಟರು. ರಾನಡೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಮುಂದೆ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿಯೂ ಪಾಠ ಹೇಳಿದರು. ಅವರು ಬಹು ಆಸ್ಥೆಯಿಂದ ಅಭ್ಯಸಿಸಿದ್ದು ಗ್ರೀಕ್ ತತ್ತ್ವಜ್ಞಾನವನ್ನು. ಹೆರಾಕ್ಲೈಟಸ್, ಪಾರ್ಮೆನಿಡೀಸ್, ಅರಿಸ್ಟಾಟಲ್ ಮೊದಲಾದವರ ವಿಚಾರಗಳನ್ನು ಕುರಿತು ಅವರು ಬರೆದ ಪ್ರಬಂಧಗಳು ವಿದ್ವಾಂಸರ ಗಮನವನ್ನು ಸೆಳೆದವು. ಈ ಬಗೆಯ ಪ್ರಬಂಧಗಳ ಸಂಗ್ರಹವೊಂದು 1956ರಲ್ಲಿ ಅವರ ಹುಟ್ಟೂರಾದ ಜಮಖಂಡಿಯಿಂದಲೇ ಪ್ರಕಟವಾಯಿತು. ಎರಡೂವರೆ ಸಾವಿರ ವರ್ಷಗಳ ಹಿಂದಿನ ಗ್ರೀಕ್ ಋಷಿಯ ವಿಚಾರವು ಜಮಖಂಡಿಯ ಹೆಸರು ಹೊತ್ತ ಪುಸ್ತಕದಲ್ಲಿ ಓದಸಿಗುವುದು ಸಂತೋಷದ ವಿಷಯವಲ್ಲವೇ?

ಈ ಹೆರಾಕ್ಲೈಟಸನ ಪ್ರಸ್ತಾಪ ಬಂದುದರಿಂದ ಅವನ ಹಿಂದೆ ಬಂದ ಒಂದು ಪಂಥದ ವಿಚಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಜಗತ್ತೆಲ್ಲವೂ ಬೆಂಕಿಯಂತೆ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೂ ಆ ಬದಲಾವಣೆಯನ್ನು ಆಳುವ ಒಂದು ವಿವೇಕವಿದೆ ಎಂಬುದು ಹೆರಾಕ್ಲೈಟಸನ ಮತ. ಕ್ರಿ. ಪೂ. 300ರ ಸುಮಾರಿಗೆ ಝೀನೋ ಎಂಬವನು ಅಥೆನ್ಸ್ ನಗರದ ಚಿತ್ರಗಳುಳ್ಳ ಒಂದು ಪಡಸಾಲೆಯಲ್ಲಿ ಪಾಠ ಹೇಳತೊಡಗಿದಾಗ ಈ ಮತವನ್ನೇ ತನ್ನ ಬೋಧನೆಯ ತಳಹದಿಯನ್ನಾಗಿ ಮಾಡಿಕೊಂಡನು. ಗ್ರೀಕರು ಅಂಥ ಪಡಸಾಲೆಗೆ ಸ್ಟೋವಾ ಎನ್ನುತ್ತಿದ್ದುದರಿಂದ ಆ ಪಂಥದವರಿಗೆ ಸ್ಟೋಯಿಕರು ಎಂಬ ಹೆಸರು ಬಂದಿತು. ಝೀನೋ ಸೈಪ್ರಸ್ ದ್ವೀಪದ ವರ್ತಕ. ಹಡಗು ಒಡೆದು ಸರಕೆಲ್ಲ ಮುಳುಗಿದ ಮೇಲೆ ಅವನು ಅಥೆನ್ಸಿಗೆ ಬಂದು ತತ್ತ್ವಜ್ಞಾನಿಯಾದನೆಂದು ಪ್ರತೀತಿಯಿದೆ.

ಸ್ಟೋಯಿಕರ ಉಪದೇಶದ ಸಾರ ಸರಳವಾದುದು. ಜಗತ್ತಿನ ಸಂಗತಿಗಳಲ್ಲಿ ಕೆಲವು ನಮ್ಮ ಕೈಯಲ್ಲಿವೆ, ಕೆಲವು ಇಲ್ಲ. ದೇಹದ ಆರೋಗ್ಯ, ಹಣ, ಕೀರ್ತಿ, ಪ್ರಿಯಜನರ ಆಯುಷ್ಯ ಇವು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ನಮ್ಮ ನಿರ್ಣಯ, ನಮ್ಮ ಇಚ್ಛೆ, ನಮ್ಮ ನಡತೆ ಇವು ನಮ್ಮವು. ಕೈಯಲ್ಲಿಲ್ಲದ್ದಕ್ಕೆ ಕೊರಗದೆ, ಕೈಯಲ್ಲಿದ್ದುದನ್ನು ಶುದ್ಧವಾಗಿಟ್ಟುಕೊಂಡವನೇ ಸ್ವತಂತ್ರನು. ವಿವೇಕ, ನ್ಯಾಯ, ಧೈರ್ಯ, ಸಂಯಮ ಎಂಬ ನಾಲ್ಕು ಗುಣಗಳೇ ನಿಜವಾದ ಸಂಪತ್ತು. ಈ ಪಂಥದ ಹೆಸರಾಂತ ಇಬ್ಬರನ್ನು ನೋಡಿದರೆ ಈ ಉಪದೇಶಕ್ಕೆ ಮೇಲು ಕೀಳೆಂಬ ಭೇದವಿಲ್ಲವೆಂಬುದು ತಿಳಿಯುತ್ತದೆ. ಎಪಿಕ್ಟೀಟಸನು ರೋಮಿನಲ್ಲಿ ಗುಲಾಮನಾಗಿದ್ದವನು, ಕಾಲು ಕುಂಟು. ಮಾರ್ಕಸ್ ಆರೇಲಿಯಸನು ಕ್ರಿ. ಶ. 161ರಿಂದ 180ರವರೆಗೆ ರೋಮ್ ಸಾಮ್ರಾಜ್ಯವನ್ನಾಳಿದ ಚಕ್ರವರ್ತಿ. ಗುಲಾಮನ ಬೋಧನೆಯಿಂದ ಚಕ್ರವರ್ತಿಯು ಬಲ ಪಡೆದನು. ಬಣ್ಣಗಾರ ಗುರು, ದೇಶಪಾಂಡೆ ಶಿಷ್ಯ ಎಂಬ ನಮ್ಮ ಕಡೆಯ ಸಂಗತಿಗೆ ಇದು ಎಷ್ಟು ಹತ್ತಿರವಾಗಿದೆ!

ಇನ್ನು ರಾನಡೆಯವರ ಜೀವನಕ್ಕೆ ಮರಳೋಣ. ಅವರನ್ನು ಸ್ಟೋಯಿಕ್ ಪಂಥದವರೆಂದು ಕರೆಯುವುದು ನನ್ನ ಉದ್ದೇಶವಲ್ಲ. ಅವರು ಭಕ್ತರು, ಅನುಭಾವಿಗಳು. ಆದರೆ ಸ್ಟೋಯಿಕರು ಕೇಳಿದ ಪ್ರಶ್ನೆಯನ್ನೇ ಬದುಕು ಅವರಿಗೂ ಕೇಳಿತು. ವಯಸ್ಸು ಮೂವತ್ತು ದಾಟಿದ ಮೇಲೆ ಅವರ ಮನೆಯ ಮೇಲೆ ಸಿಡಿಲು ಬಿದ್ದಂತಾಯಿತು. ಮಗು, ತಾಯಿ, ಹೆಂಡತಿ ಹೀಗೆ ಹತ್ತಿರದವರೆಲ್ಲರೂ ಕೆಲವೇ ಕಾಲದ ಅಂತರದಲ್ಲಿ ತೀರಿಹೋದರು. ಅದರ ಬೆನ್ನಿಗೇ ಅವರ ದೇಹವೂ ಮತ್ತೆ ಕುಸಿಯಿತು. ಬದುಕುವ ಆಸೆಯೇ ಇಲ್ಲವೆನ್ನುವಷ್ಟು ಕಾಯಿಲೆ ಬಲಿಯಿತು. ಗ್ರಂಥಗಳಲ್ಲಿ ದುಃಖದ ಕಾರಣವನ್ನು ವಿವೇಚಿಸುವುದು ಬೇರೆ, ಖಾಲಿಯಾದ ಮನೆಯಲ್ಲಿ ಒಬ್ಬನೇ ಮಲಗಿ ಆ ದುಃಖವನ್ನು ಅನುಭವಿಸುವುದು ಬೇರೆ. ರಾನಡೆಯವರಿಗೆ ಎರಡೂ ತಿಳಿದವು.

ಇಲ್ಲಿ ಸ್ಟೋಯಿಕರಿಗೂ ಅವರಿಗೂ ಇರುವ ಅಂತರವನ್ನು ಗುರುತಿಸಬೇಕು. ಸ್ಟೋಯಿಕನು ದುಃಖಕ್ಕೆ ಮದ್ದನ್ನು ವಿಚಾರದಲ್ಲಿ ಹುಡುಕುತ್ತಾನೆ. ಹೋದದ್ದು ನನ್ನದಾಗಿರಲಿಲ್ಲ, ಕಡ ತಂದದ್ದನ್ನು ಮರಳಿ ಕೊಟ್ಟೆ ಎಂದು ಬುದ್ಧಿಗೆ ತಿಳಿಹೇಳುತ್ತಾನೆ. ರಾನಡೆಯವರು ವಿಚಾರವನ್ನು ತಳ್ಳಿಹಾಕಿದವರಲ್ಲ. ಜೀವನವೆಲ್ಲ ತರ್ಕವನ್ನು ಕಲಿಸಿದವರು. ಆದರೆ ವಿಚಾರದ ಹಿಂದೆ ಒಂದು ನಿತ್ಯದ ಅಭ್ಯಾಸ ಬೇಕೆಂಬುದನ್ನು ಅವರು ತೋರಿಸಿದರು. ಭಾವುಸಾಹೇಬರ ಸಂಪ್ರದಾಯದ ಸಾಧನೆಗೆ ಪಿಪೀಲಿಕಾ ಮಾರ್ಗ, ಅಂದರೆ ಇರುವೆಯ ದಾರಿ ಎಂಬ ಹೆಸರಿದೆ. ಇರುವೆಯು ಹಾರುವುದಿಲ್ಲ, ಅವಸರ ಮಾಡುವುದಿಲ್ಲ. ಹಣ್ಣಿರುವ ಕೊಂಬೆಗೆ ದಿನವೂ ಸ್ವಲ್ಪ ಸ್ವಲ್ಪವಾಗಿ ತೆವಳುತ್ತದೆ. ಹಾಗೆಯೇ ನಾಮವನ್ನು ದಿನವೂ, ಸುಖದಲ್ಲಿಯೂ ದುಃಖದಲ್ಲಿಯೂ, ತಪ್ಪದೆ ಸ್ಮರಿಸುವುದು. ಕಷ್ಟ ಬಂದ ದಿನವೇ ಸಮಾಧಾನವನ್ನು ಹುಡುಕಹೊರಟರೆ ಅದು ಸಿಗುವುದು ಕಷ್ಟ. ಹಿಂದಿನ ಸಾವಿರ ದಿನಗಳ ಅಭ್ಯಾಸವಿದ್ದವನಿಗೆ ಅದು ತಾನಾಗಿಯೇ ಒದಗಿಬರುತ್ತದೆ. ಸ್ಟೋಯಿಕರಲ್ಲಿಯೂ ಇಂಥ ನಿತ್ಯಾಭ್ಯಾಸವಿರಲಿಲ್ಲವೆಂದಲ್ಲ. ರೋಮಿನ ಸೆನೆಕಾ ಪ್ರತಿ ರಾತ್ರಿ ಮಲಗುವ ಮುನ್ನ ಅಂದಿನ ನಡತೆಯನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದನು. ಮಾರ್ಕಸ್ ಆರೇಲಿಯಸನು ಯುದ್ಧದ ಪಾಳೆಯದಲ್ಲಿ ಕುಳಿತು ತನಗೆ ತಾನೇ ಬುದ್ಧಿಮಾತುಗಳನ್ನು ಬರೆದುಕೊಳ್ಳುತ್ತಿದ್ದನು. ದಾರಿ ಬೇರೆಯಾದರೂ ದಿನಚರಿಯ ಮಹತ್ತ್ವವು ಎರಡೂ ಕಡೆ ಒಂದೇ.

ರಾನಡೆಯವರು ಚೇತರಿಸಿಕೊಂಡರು. 1924ರಲ್ಲಿ ಕಾಲೇಜಿನ ಕೆಲಸಕ್ಕೆ ರಾಜೀನಾಮೆಯಿತ್ತು, ವಿಜಾಪುರದಿಂದ ಸೊಲ್ಲಾಪುರಕ್ಕೆ ಹೋಗುವ ರೇಲ್ವೆ ದಾರಿಯಲ್ಲಿರುವ ನಿಂಬಾಳವೆಂಬ ಸಣ್ಣ ಊರಿನಲ್ಲಿ ನೆಲೆಸಿದರು. ಬಯಲುಸೀಮೆಯ ಒಣ ಹವೆ, ಸುತ್ತಲೂ ಜೋಳದ ಹೊಲಗಳು, ಎಲ್ಲಿ ನೋಡಿದರೂ ಬಯಲು. ಲೋಕದ ದೃಷ್ಟಿಯಲ್ಲಿ ಅವರ ವೃತ್ತಿಜೀವನ ಮುಗಿದಂತಾಗಿತ್ತು. ಆದರೆ ನಿಜವಾದ ಫಲ ಬಂದುದು ಆಮೇಲೆಯೇ. ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತ ಅವರ ಮಹಾಗ್ರಂಥವು 1926ರಲ್ಲಿ ಹೊರಬಂದು ದೇಶವಿದೇಶಗಳ ಪಂಡಿತರ ಮನ್ನಣೆಯನ್ನು ಗಳಿಸಿತು. ಅದನ್ನು ಕಂಡ ಮಹಾಮಹೋಪಾಧ್ಯಾಯ ಗಂಗಾನಾಥ ಝಾ ಅವರು ತಾವು ಉಪಕುಲಪತಿಗಳಾಗಿದ್ದ ಅಲಹಾಬಾದ ವಿಶ್ವವಿದ್ಯಾಲಯಕ್ಕೆ ರಾನಡೆಯವರನ್ನು ಬರಮಾಡಿಕೊಂಡರು. ಹೀಗೆ ನಿಂಬಾಳದ ಏಕಾಂತವಾಸಿಯು ಗಂಗಾತೀರದಲ್ಲಿ ತತ್ತ್ವಜ್ಞಾನ ವಿಭಾಗದ ಮುಖ್ಯಸ್ಥರಾದರು. ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತ ಅವರ ಗ್ರಂಥವು 1933ರಲ್ಲಿ ಪ್ರಕಟವಾಯಿತು. ಕೊನೆಗೆ ಅವರು ಅದೇ ವಿಶ್ವವಿದ್ಯಾಲಯದ ಉಪಕುಲಪತಿಗಳ ಪೀಠವನ್ನೂ ಅಲಂಕರಿಸಿದರು.

ಬೇನೆ, ಸಾವುಗಳ ಪರೀಕ್ಷೆಗಿಂತ ಅಧಿಕಾರದ ಪರೀಕ್ಷೆ ಕಡಿಮೆಯದೆಂದು ತಿಳಿಯಬಾರದು. ದುಃಖದಲ್ಲಿ ದೇವರನ್ನು ನೆನೆದವರು ಅಧಿಕಾರ ಬಂದೊಡನೆ ಮರೆಯುವುದುಂಟು. ರಾನಡೆಯವರ ಬಾಳಿನ ಕ್ರಮ ಅಲಹಾಬಾದಿನಲ್ಲಿಯೂ ಬದಲಾಗಲಿಲ್ಲ. ಅವರ ಆಹಾರ ಅತ್ಯಲ್ಪ, ಧ್ಯಾನದ ಹೊತ್ತು ದೀರ್ಘ. ರಜೆ ಬಂದೊಡನೆ ಅವರು ನಿಂಬಾಳದ ದಾರಿ ಹಿಡಿಯುತ್ತಿದ್ದರು. ದೊಡ್ಡ ವಿಶ್ವವಿದ್ಯಾಲಯದ ದೊಡ್ಡ ಅಧಿಕಾರಿಯು ಹಳ್ಳಿಯ ಒಕ್ಕಲಿಗರೊಡನೆ ಕುಳಿತು ಭಜನೆ ಮಾಡುವುದನ್ನು ಜನ ಕಂಡರು. ಅವರು ಸಂಸಾರವನ್ನೂ ಬಿಡಲಿಲ್ಲ. ಮರುಮದುವೆಯಾಗಿ ಗೃಹಸ್ಥರಾಗಿಯೇ ಉಳಿದರು. ಕಾವಿ ಉಡಲಿಲ್ಲ, ಪವಾಡಗಳನ್ನು ಮೆರೆಸಲಿಲ್ಲ. ಕೆಲಸವನ್ನು ಮಾಡುತ್ತಲೇ, ಸಂಬಳವನ್ನು ಪಡೆಯುತ್ತಲೇ, ಮನೆಯನ್ನು ನಡೆಸುತ್ತಲೇ ಒಳಗೆ ಸ್ವತಂತ್ರರಾಗಿರುವುದು ಸಾಧ್ಯವೆಂಬುದಕ್ಕೆ ಅವರೊಂದು ನಿದರ್ಶನ. ಭಗವದ್ಗೀತೆಯು ಇಂಥವರನ್ನೇ ಸ್ಥಿತಪ್ರಜ್ಞರೆಂದು ಕರೆಯುತ್ತದೆ.

1946ರಲ್ಲಿ ನಿವೃತ್ತರಾದ ಮೇಲೆ ಅವರು ನಿಂಬಾಳದಲ್ಲಿಯೇ ಹೆಚ್ಚಾಗಿ ವಾಸಿಸಿದರು. ಹಿಂದಿ, ಮರಾಠಿ, ಕನ್ನಡ ಈ ಮೂರೂ ಸಾಹಿತ್ಯಗಳ ಸಂತರು ತೋರಿದ ದೇವರ ದಾರಿಯನ್ನು ಕುರಿತು ಬೇರೆಬೇರೆ ಗ್ರಂಥಗಳನ್ನು ಅವರು ರಚಿಸಿದರು. ಕನ್ನಡ ಸಾಹಿತ್ಯವನ್ನು ಕುರಿತ ಗ್ರಂಥವು ಅವರ ಮರಣಾನಂತರ, 1960ರಲ್ಲಿ, ಅಚ್ಚಾಯಿತು. ಬಸವಣ್ಣನವರು, ಪುರಂದರದಾಸರು, ಕನಕದಾಸರು, ನಮ್ಮ ಸೀಮೆಯವರೇ ಆದ ಕಾಖಂಡಕಿಯ ಮಹೀಪತಿದಾಸರು ಇವರೆಲ್ಲರ ಅನುಭಾವವನ್ನು ಅವರು ಅದರಲ್ಲಿ ಇಂಗ್ಲಿಷಿನಲ್ಲಿ ವಿವರಿಸಿದ್ದಾರೆ. ಶರಣರೂ ದಾಸರೂ ಒಂದೇ ಹೊತ್ತಗೆಯಲ್ಲಿ ಕೂಡಿ ಕುಳಿತಿರುವುದನ್ನು ನೋಡಿದರೆ ಸಂತೋಷವಾಗುತ್ತದೆ. ಗ್ರೀಕರಿಂದ ಆರಂಭವಾದ ಅವರ ಪಯಣ ಹೀಗೆ ಮನೆಯಂಗಳದ ಹಾಡುಗಳಿಗೆ ಬಂದು ಮುಟ್ಟಿತು. 1957ನೆಯ ಇಸವಿಯ ಜೂನ್ 6ರಂದು ಅವರು ನಿಂಬಾಳದಲ್ಲಿ ದೇಹವಿಟ್ಟರು. ಆಗ ಅವರಿಗೆ ಎಪ್ಪತ್ತು ವರ್ಷಗಳು ಮುಗಿದಿದ್ದವು. ಎರಡು ಸಾರೆ ಸಾವಿನ ಬಾಗಿಲಿನಿಂದ ಮರಳಿ ಬಂದ ದುರ್ಬಲ ದೇಹವು ಇಷ್ಟು ದೂರ ಸಾಗಿಬಂದುದೇ ಒಂದು ಸೋಜಿಗ. ಅವರ ಸಮಾಧಿಯೂ ಅಲ್ಲಿಯೇ ಇದೆ.

ಇಂಥವರ ಚರಿತ್ರೆಯನ್ನು ಓದುವಾಗ ನಮ್ಮ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ಸಮಾಧಾನದಿಂದಿರು ಎಂಬ ಉಪದೇಶವು ಬಡವನನ್ನು ಸುಮ್ಮನಿರಿಸುವ ಉಪಾಯವಾಗಲಾರದೇ? 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಜಮಖಂಡಿ, ಮುಧೋಳ ಸೀಮೆಯ ಊರುಗಳಿಗೆ ನೀರು ನುಗ್ಗಿತು. ಅದಕ್ಕೂ ಹಿಂದೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬೀಳಗಿ ತಾಲೂಕಿನ ಊರುಗಳೂ ಹೊಲಗಳೂ ಮುಳುಗಿದವು. ಬೇಡಿಕೆ ಕುಗ್ಗಿದಾಗ ರಬಕವಿ-ಬನಹಟ್ಟಿಯ ನೇಕಾರನ ಮಗ್ಗ ನಿಲ್ಲುತ್ತದೆ. ಮನೆ ಮಠ ಕಳೆದುಕೊಂಡವನಿಗೆ ಕೊರಗಬೇಡ ಎಂದಷ್ಟೇ ಹೇಳಿ ಹೊರಟುಹೋಗುವುದು ತತ್ತ್ವಜ್ಞಾನವಲ್ಲ, ನಿರ್ದಯೆ.

ಆದರೆ ಸ್ಟೋಯಿಕರು ಹೇಳಿದ್ದು ಅದಲ್ಲ. ಅವರ ನಾಲ್ಕು ಗುಣಗಳಲ್ಲಿ ನ್ಯಾಯವೂ ಒಂದೆಂಬುದನ್ನು ಮರೆಯಬಾರದು. ಮನುಷ್ಯರೆಲ್ಲರೂ ಒಂದೇ ವಿವೇಕದ ಮಕ್ಕಳಾದುದರಿಂದ ಒಬ್ಬರಿಗೊಬ್ಬರು ನೆರವಾಗುವುದು ಅವರ ಮತದಲ್ಲಿ ಕರ್ತವ್ಯ. ಮಳೆಯು ನಮ್ಮ ಕೈಯಲ್ಲಿಲ್ಲ. ಆದರೆ ನೆರೆಮನೆಯವನನ್ನು ನೀರಿನಿಂದ ಎತ್ತುವುದು, ಅವನಿಗೆ ಸಲ್ಲಬೇಕಾದ ಪರಿಹಾರಕ್ಕಾಗಿ ಅವನೊಡನೆ ಕಚೇರಿಗೆ ಹೋಗಿ ನಿಲ್ಲುವುದು, ಅರ್ಜಿ ಬರೆದುಕೊಡುವುದು ನಮ್ಮ ಕೈಯಲ್ಲಿದೆ. ಕೈಯಲ್ಲಿದ್ದುದನ್ನು ಮಾಡದೆ ವಿಧಿಯ ಮೇಲೆ ಹಾಕುವವನು ಸ್ಟೋಯಿಕನೂ ಅಲ್ಲ, ಭಕ್ತನೂ ಅಲ್ಲ, ಬರಿಯ ಸೋಮಾರಿ. ರಾನಡೆಯವರೂ ದುಃಖ ಬಂದಿತೆಂದು ಕೈಕಟ್ಟಿ ಕುಳಿತವರಲ್ಲ. ಅವರ ದೊಡ್ಡ ಗ್ರಂಥಗಳೆಲ್ಲವೂ ಆ ದುಃಖದ ಅನಂತರ ಬಂದವು. ಶಾಂತಿಯೆಂದರೆ ಕೆಲಸ ನಿಲ್ಲಿಸುವುದಲ್ಲ, ನಡುಗದ ಕೈಯಿಂದ ಕೆಲಸ ಮಾಡುವುದು ಎಂಬುದೇ ಅವರ ಬಾಳಿನ ಅರ್ಥವೆಂದು ನಾನು ತಿಳಿಯುತ್ತೇನೆ.

ವಿದ್ಯಾರ್ಥಿಗಳಾದ ನಮಗೆ ಇದರಿಂದ ಸಿಗುವ ಪಾಠ ದೂರದ್ದಲ್ಲ. ಪರೀಕ್ಷೆಯ ಫಲಿತಾಂಶ, ನೌಕರಿಯ ಕರೆ, ಆಯ್ಕೆಪಟ್ಟಿಯಲ್ಲಿ ಹೆಸರು ಇವು ಪೂರ್ತಿಯಾಗಿ ನಮ್ಮ ವಶದಲ್ಲಿಲ್ಲ. ಮನೆಯವರೆಲ್ಲರ ಆಸೆಯು ಒಬ್ಬನ ಪದವಿಯ ಮೇಲೆ ನಿಂತಿರುವಾಗ ಆ ಭಾರ ಎಷ್ಟೆಂಬುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಒಂದು ಪಟ್ಟಿಯಲ್ಲಿ ಹೆಸರು ಬಾರದೆ ಹೋದರೆ ಬದುಕೇ ವ್ಯರ್ಥವೆಂದು ತಿಳಿಯುವ ತರುಣರು ಇಂದು ಕಡಿಮೆಯಿಲ್ಲ. ಅಂಥ ಗಳಿಗೆಯಲ್ಲಿ, ಕಾಯಿಲೆಯಿಂದ ಓದು ನಿಂತು ಪುನಃ ಎದ್ದುನಿಂತ ಜಮಖಂಡಿಯ ಆ ವಿದ್ಯಾರ್ಥಿಯನ್ನು ನೆನೆಯೋಣ. ಇಂದಿನ ಪಾಠವನ್ನು ಇಂದೇ ಓದುವುದು, ಆಡಿದ ಮಾತನ್ನು ಉಳಿಸಿಕೊಳ್ಳುವುದು, ತಂದೆತಾಯಿಗಳ ದುಡಿಮೆಯನ್ನು ಮರೆಯದಿರುವುದು, ಗೆಳೆಯನ ಕಷ್ಟಕ್ಕೆ ಒದಗುವುದು ಇವು ನಮ್ಮ ಕೈಯಲ್ಲಿವೆ. ಇರುವೆಯ ದಾರಿ ಅದು. ನಿಧಾನ, ಆದರೆ ಖಂಡಿತ.

ನಮ್ಮ ನಾಲ್ಕು ತಾಲೂಕುಗಳಿಂದ ನಿಂಬಾಳಕ್ಕೆ ಒಂದು ದಿನದಲ್ಲಿ ಹೋಗಿಬರಬಹುದು. ಕಾಲೇಜಿನ ಪ್ರವಾಸಕ್ಕೆ ದೂರದ ಊರುಗಳನ್ನು ಆರಿಸುವ ನಾವು ಒಮ್ಮೆಯಾದರೂ ಆ ಬಯಲಿನ ಊರಿಗೆ ಹೋಗಿಬರುವುದು ಒಳ್ಳೆಯದು. ಅಥೆನ್ಸಿನ ಪಡಸಾಲೆಯು ಇಂದು ಪಾಳುಬಿದ್ದ ಕಲ್ಲುಗಳಾಗಿ ಉಳಿದಿದೆ. ಅಲ್ಲಿ ಕೇಳಿದ ಪ್ರಶ್ನೆಗೆ ತನ್ನ ಬಾಳಿನಿಂದ ಉತ್ತರ ಕೊಟ್ಟವರೊಬ್ಬರು ನಮ್ಮ ಸೀಮೆಯ ಜೋಳದ ರೊಟ್ಟಿಯನ್ನುಂಡು, ನಮ್ಮ ಬೀದಿಗಳಲ್ಲಿ ನಡೆದಾಡಿ ಬೆಳೆದವರೆಂಬುದನ್ನು ತಿಳಿದರೆ, ತತ್ತ್ವಜ್ಞಾನದಿಂದ ಏನು ಪ್ರಯೋಜನವೆಂದು ಕೇಳುವ ಮನೆಯ ಹಿರಿಯರಿಗೆ ನಾವು ತಲೆಯೆತ್ತಿ ಉತ್ತರ ಹೇಳಬಹುದು.